ಶುಗರ್ ಏರುಪೇರಾದಾಗ, ಡೋಸ್ ಏರಿಸುವ ಮೊದಲು

ಸಕ್ಕರೆ ಕಾಯಿಲೆ ಇರುವವರ ಮನೆಯಲ್ಲಿ ಗ್ಲುಕೋಮೀಟರಿನ ಅಂಕಿ ಜಾಸ್ತಿ ಬಂತೆಂದರೆ ಸುತ್ತ ಇದ್ದವರ ಬಾಯಲ್ಲಿ ಮೊದಲು ಬರುವ ಮಾತು ‘ಏನು ತಿಂದ್ರಿ?’ ಎಂಬುದು. ಕೇಳುವವರಿಗೆ ಕಾಳಜಿ ಇರುತ್ತದೆ, ಸುಳ್ಳಲ್ಲ. ಆದರೆ ಕೇಳಿಸಿಕೊಂಡವರಿಗೆ ಅದು ಆರೋಪವಾಗಿಯೇ ತಾಗುತ್ತದೆ. ಬೆಳಿಗ್ಗೆ 240, ಮಧ್ಯಾಹ್ನ 62, ರಾತ್ರಿ 310. ನಿನ್ನೆಯದೇ ಊಟ, ಅದೇ ಮಾತ್ರೆ, ಅದೇ ನಡಿಗೆ. ಕದ್ದು ಏನೂ ತಿಂದಿಲ್ಲ ಎಂದು ಆಣೆ ಮಾಡಿದರೂ ನಂಬುವವರಿಲ್ಲ. ಡಾಕ್ಟರ ಬಳಿ ಹೋದರೆ ಅಲ್ಲೂ ಎಷ್ಟೋ ಸಲ ಅದೇ ಪ್ರಶ್ನೆ. ಆಮೇಲೆ ಚೀಟಿಯಲ್ಲಿ ಇನ್ನೆರಡು ಯೂನಿಟ್ ಇನ್ಸುಲಿನ್, ಇಲ್ಲವೇ ಇನ್ನೊಂದು ಮಾತ್ರೆ.

ಹೀಗೆ ಹತ್ತಿ ಇಳಿಯುವ ಶುಗರ್‌ಗೆ ಕಾರಣ ಇದ್ದೇ ಇರುತ್ತದೆ. ಬಹಳಷ್ಟು ಸಲ ಅದು ರೋಗಿಯ ನಾಲಿಗೆಯ ಚಪಲವಲ್ಲ. ಹುಡುಕಿದರೆ ಸಿಗುವ ಕಾರಣವನ್ನು ಹುಡುಕದೆ ಡೋಸ್ ಏರಿಸುತ್ತ ಹೋಗುವುದು ಅಪಾಯ. ಈ ಲೇಖನ ಆ ಹುಡುಕಾಟದ ಬಗ್ಗೆ, ಮತ್ತು ಆ ಹುಡುಕಾಟಕ್ಕೆ ತಜ್ಞರ ಬಾಗಿಲು ಯಾವಾಗ ತಟ್ಟಬೇಕು ಎಂಬುದರ ಬಗ್ಗೆ.

ಆರೋಗ್ಯವಂತರ ದೇಹದಲ್ಲಿ ಮೇದೋಜೀರಕ ಗ್ರಂಥಿ ರಕ್ತದ ಸಕ್ಕರೆಯನ್ನು ಗಮನಿಸುತ್ತಲೇ ಇರುತ್ತದೆ. ಏರಿದರೆ ಇನ್ಸುಲಿನ್ ಬಿಡುತ್ತದೆ, ಇಳಿದರೆ ಗ್ಲುಕಗಾನ್ ಎಂಬ ಇನ್ನೊಂದು ಹಾರ್ಮೋನು ಬಿಟ್ಟು ಯಕೃತ್ತಿನಿಂದ ಸಕ್ಕರೆ ಹೊರಡಿಸುತ್ತದೆ. ಹೀಗಾಗಿ ಹಬ್ಬದೂಟ ಉಂಡರೂ, ಉಪವಾಸ ಮಾಡಿದರೂ ಅಂಕಿ ಬಹುತೇಕ 70ರಿಂದ 140ರ ಒಳಗೇ ಇರುತ್ತದೆ. ಸೂಜಿಯಿಂದ ಒಳಗೆ ಹೋದ ಇನ್ಸುಲಿನ್‌ಗೆ ಈ ಲೆಕ್ಕ ಗೊತ್ತಿಲ್ಲ. ಒಮ್ಮೆ ಚುಚ್ಚಿದ ಮೇಲೆ, ಊಟ ಬಂದಿರಲಿ ಬಿಡಲಿ, ಅದು ತನ್ನ ಕೆಲಸ ಮಾಡಿಯೇ ಮಾಡುತ್ತದೆ. ದೇಹದಲ್ಲಿ ಇನ್ಸುಲಿನ್ ತಯಾರಾಗುವುದೇ ನಿಂತುಹೋಗುವ ಟೈಪ್ 1 ಮಧುಮೇಹ ಇರುವವರಲ್ಲಿ ಕೆಲವು ವರ್ಷಗಳ ನಂತರ, ಸಕ್ಕರೆ ಇಳಿದಾಗ ಗ್ಲುಕಗಾನ್ ಬಿಡುವ ಶಕ್ತಿಯೂ ಹೋಗಿರುತ್ತದೆ. ಏರಿದ್ದನ್ನು ಇಳಿಸುವ ದಾರಿ, ಇಳಿದದ್ದನ್ನು ಏರಿಸುವ ದಾರಿ ಎರಡೂ ಮುಚ್ಚಿದವರಿಗೆ ಶುಗರ್ ಒಂದೇ ಮಟ್ಟದಲ್ಲಿ ಇರಬೇಕೆಂದು ಬಯಸುವುದೇ ಕಷ್ಟ.

ಇಂಥವರು ಮೂರು ತಿಂಗಳಿಗೊಮ್ಮೆ ಮಾಡಿಸುವ ಎಚ್‌ಬಿಎ1ಸಿ ಪರೀಕ್ಷೆ ಈ ಏರಿಳಿತವನ್ನು ಮುಚ್ಚಿಡುತ್ತದೆ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ, ಅದಕ್ಕೆ ಅಂಟಿಕೊಂಡ ಸಕ್ಕರೆಯನ್ನು ಅಳೆದು ಸರಾಸರಿ ಹೇಳುತ್ತಾರೆ. ರಿಪೋರ್ಟಿನಲ್ಲಿ 7 ಎಂದು ಬಂದರೆ ಸರಾಸರಿ ಸಕ್ಕರೆ ಸುಮಾರು 154. ಒಬ್ಬರ ಶುಗರ್ ದಿನವಿಡೀ 110ರಿಂದ 190ರ ನಡುವೆ ಓಡಾಡಿ 7 ಬಂದಿರಬಹುದು. ಇನ್ನೊಬ್ಬರದು ನಡುರಾತ್ರಿ 50ಕ್ಕೆ ಬಿದ್ದು, ತಿಂಡಿಯ ನಂತರ 300 ದಾಟಿ, ಅದೇ 7 ಬಂದಿರಬಹುದು. ಎರಡೂ ರಿಪೋರ್ಟಿನ ಮೇಲೆ ‘ಚೆನ್ನಾಗಿದೆ’ ಎಂದು ಬರೆದು ಕಳಿಸುವುದುಂಟು. ಎರಡನೆಯವರು ಚೆನ್ನಾಗಿಲ್ಲ. ಸಾಲದ್ದಕ್ಕೆ, ಕಬ್ಬಿಣಾಂಶದ ಕೊರತೆಯ ರಕ್ತಹೀನತೆ ಇದ್ದರೆ ಈ ಅಂಕಿ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ಇತ್ತೀಚೆಗೆ ರಕ್ತ ಹಾಕಿಸಿಕೊಂಡಿದ್ದರೆ ಅದನ್ನು ನಂಬುವಂತೆಯೇ ಇಲ್ಲ. ರಕ್ತಹೀನತೆ ಇಷ್ಟು ಸಾಮಾನ್ಯವಾಗಿರುವ ನಮ್ಮ ಹೆಣ್ಣುಮಕ್ಕಳ ವಿಷಯದಲ್ಲಿ ಇದನ್ನು ನೆನಪಿಡಲೇಬೇಕು.

ಮನೆಯ ಗ್ಲುಕೋಮೀಟರಿಗೂ ಮಿತಿ ಇದೆ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ 100ರ ಮೇಲಿನ ಅಂಕಿಗಳಲ್ಲಿ ಶೇ 15ರಷ್ಟು ಆಚೀಚೆ ಒಪ್ಪಿತ. ಲ್ಯಾಬಿನಲ್ಲಿ 200 ಇದ್ದದ್ದು ಮೀಟರಿನಲ್ಲಿ 170 ಬಂದರೂ 230 ಬಂದರೂ ಯಂತ್ರ ಸರಿಯಾಗಿಯೇ ಇದೆ. 185 ಇದ್ದದ್ದು 200 ಆಯಿತೆಂದು ರಾತ್ರಿ ನಿದ್ದೆಗೆಡಬೇಕಾಗಿಲ್ಲ. ಆದರೆ ಮಾವಿನಹಣ್ಣು ಹೆಚ್ಚಿದ ಕೈಯನ್ನು ತೊಳೆಯದೆ ಬೆರಳು ಚುಚ್ಚಿದರೆ, ಮಲೆನಾಡಿನ ಮಳೆಗಾಲದಲ್ಲಿ ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆಗೆದಿಟ್ಟರೆ ಬರುವ ಅಂಕಿ ನಂಬಲರ್ಹವಲ್ಲ.

ಇನ್ನು ಕಾರಣಗಳು. ಸಿರಿಂಜಿನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಈ ತಪ್ಪು ಇವತ್ತಿಗೂ ನಡೆಯುತ್ತಿದೆ. ನಮ್ಮ ದೇಶದಲ್ಲಿ ಇನ್ಸುಲಿನ್ ಬಾಟಲಿಗಳು ಎರಡು ಸಾಂದ್ರತೆಯಲ್ಲಿ ಸಿಗುತ್ತವೆ: ಒಂದು ಮಿಲಿಲೀಟರಿಗೆ 40 ಯೂನಿಟ್, ಮತ್ತು 100 ಯೂನಿಟ್. 40ರದಕ್ಕೆ ಕೆಂಪು ಮುಚ್ಚಳದ ಸಿರಿಂಜು, 100ರದಕ್ಕೆ ಕಿತ್ತಳೆ ಮುಚ್ಚಳದ್ದು. ಮೆಡಿಕಲ್ ಸ್ಟೋರಿನಲ್ಲಿ ‘ಇನ್ಸುಲಿನ್ ಸಿರಿಂಜು ಕೊಡಿ’ ಎಂದಷ್ಟೇ ಕೇಳಿದರೆ ಕೈಗೆ ಸಿಕ್ಕಿದ್ದು ಬರಬಹುದು. 40ರ ಇನ್ಸುಲಿನ್ ಅನ್ನು ಕಿತ್ತಳೆ ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಮೈಗೆ ಹೋಗುವುದು ಬರೀ 8 ಯೂನಿಟ್. ಉಲ್ಟಾ ಆದರೆ, 20 ಎಂದುಕೊಂಡು ಚುಚ್ಚಿದ್ದು 50 ಯೂನಿಟ್. ಮೊದಲನೆಯದರಲ್ಲಿ ಶುಗರ್ ಇಳಿಯುವುದೇ ಇಲ್ಲ, ಎರಡನೆಯದರಲ್ಲಿ ಜೀವಕ್ಕೇ ಸಂಚಕಾರ. ಬಾಟಲಿಯ ಮೇಲಿನ ಅಂಕಿಯನ್ನೂ ಸಿರಿಂಜಿನ ಮೇಲಿನ ಅಂಕಿಯನ್ನೂ ಪಕ್ಕಪಕ್ಕ ಹಿಡಿದು ನೋಡಲು ಅರ್ಧ ನಿಮಿಷ ಸಾಕು.

ಚುಚ್ಚುವ ಜಾಗದ್ದು ಇನ್ನೊಂದು ಕತೆ. ನಮ್ಮ ದೊಡ್ಡಮ್ಮ ಹೊಕ್ಕುಳಿನ ಎಡಬಲಕ್ಕೆ ಅದೇ ಎರಡು ಜಾಗದಲ್ಲಿ ವರ್ಷಗಟ್ಟಲೆ ಇನ್ಸುಲಿನ್ ಚುಚ್ಚಿಕೊಂಡವರು. ಅಲ್ಲಿ ನೋವಾಗುವುದಿಲ್ಲ ಎಂಬುದೇ ಕಾರಣ. ಶುಗರ್ ಯಾವತ್ತೂ ಹಿಡಿತಕ್ಕೆ ಸಿಗಲಿಲ್ಲ, ಡೋಸ್ ಮಾತ್ರ ಏರುತ್ತಲೇ ಹೋಯಿತು. ಕೊನೆಗೆ ಎಂಡೋಕ್ರೈನಾಲಜಿಸ್ಟ್, ಅಂದರೆ ಹಾರ್ಮೋನು ತಜ್ಞರು, ಒಬ್ಬರಲ್ಲಿಗೆ ಕರೆದೊಯ್ದಾಗ ಅಲ್ಲಿನ ನರ್ಸ್, ‘ಅಮ್ಮಾ, ಎಲ್ಲಿ ಚುಚ್ಕೋತೀರಿ, ಸ್ವಲ್ಪ ತೋರ್ಸಿ’ ಎಂದು ಕೈಯಾಡಿಸಿ ನೋಡಿದರು. ಚರ್ಮದಡಿ ಎರಡು ಗಂಟುಗಳು, ಮುಟ್ಟಿದರೆ ಮೆತ್ತಗೆ ಉಬ್ಬಿದ್ದವು. ಅಲ್ಲಿಯವರೆಗೆ ಯಾರೂ ಆ ಹೊಟ್ಟೆಯನ್ನು ಮುಟ್ಟಿ ನೋಡಿರಲಿಲ್ಲ.

ಒಂದೇ ಕಡೆ ಚುಚ್ಚಿದರೆ ಇನ್ಸುಲಿನ್‌ನಿಂದಲೇ ಅಲ್ಲಿನ ಕೊಬ್ಬು ಬೆಳೆದು ಇಂಥ ಗಂಟುಗಳಾಗುತ್ತವೆ. ಅದರೊಳಗಿಂದ ಔಷಧಿ ಒಂದು ದಿನ ಬೇಗ, ಒಂದು ದಿನ ತಡವಾಗಿ, ಒಂದು ದಿನ ಅರ್ಧಂಬರ್ಧ ರಕ್ತಕ್ಕೆ ಸೇರುತ್ತದೆ. ಗಂಟಿನೊಳಗೆ ನರಗಳು ಕಡಿಮೆ ಇರುವುದರಿಂದ ನೋವಾಗುವುದಿಲ್ಲ, ನೋವಾಗದ್ದಕ್ಕೆ ಮತ್ತೆ ಅಲ್ಲೇ ಚುಚ್ಚುತ್ತಾರೆ. ಜಾಗ ಬದಲಿಸಬೇಕು, ಪ್ರತಿ ಸಲ ಹಿಂದಿನ ಜಾಗದಿಂದ ಒಂದು ಬೆರಳಿನ ಅಗಲವಾದರೂ ಸರಿಯಬೇಕು. ಆದರೆ ಎಚ್ಚರ: ಗಂಟಿಗೆ ಚುಚ್ಚುತ್ತಿದ್ದ ಅದೇ ದೊಡ್ಡ ಡೋಸನ್ನು ಒಳ್ಳೆಯ ಜಾಗಕ್ಕೆ ಚುಚ್ಚಿದರೆ ಪೂರ್ತಿ ಹೀರಿಕೊಂಡು ಶುಗರ್ ಪಾತಾಳಕ್ಕಿಳಿಯಬಹುದು. ಡಾಕ್ಟರನ್ನು ಕೇಳಿ ಡೋಸ್ ಇಳಿಸಿಕೊಂಡೇ ಜಾಗ ಬದಲಿಸಬೇಕು. ದೊಡ್ಡಮ್ಮನ ಡೋಸ್ ಹಾಗೆ ಇಳಿಯಿತು, ಶುಗರೂ ಒಂದು ಹದಕ್ಕೆ ಬಂತು.

ಬಿಸಿಲು ಕೂಡ ಇನ್ಸುಲಿನ್‌ನ ವೈರಿ. ತೆರೆಯದ ಬಾಟಲಿ 2ರಿಂದ 8 ಡಿಗ್ರಿಯಲ್ಲಿರಬೇಕು. ಬಳಸಲು ತೆಗೆದದ್ದನ್ನು ತಂಪು ಕೋಣೆಯಲ್ಲಿಟ್ಟು ಸಾಮಾನ್ಯವಾಗಿ 4 ವಾರದೊಳಗೆ ಮುಗಿಸಬೇಕು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಉಷ್ಣತೆ 40 ದಾಟಿ, ಕರೆಂಟೂ ಹೋದಾಗ ಶೀಷೆಯೊಳಗಿನ ಔಷಧಿ ಕಣ್ಣಿಗೆ ಕಾಣದಂತೆ ಸತ್ವ ಕಳೆದುಕೊಳ್ಳುತ್ತದೆ. ಫ್ರಿಜ್ ಇಲ್ಲದ ಮನೆಗೆ ಮಣ್ಣಿನ ಮಡಕೆ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ: ದೊಡ್ಡ ಮಡಕೆಯಲ್ಲಿ ಒದ್ದೆ ಮರಳು, ಅದರೊಳಗೆ ಚಿಕ್ಕ ಮಡಕೆ, ಅದರೊಳಗೆ ನೀರು ತಾಗದಂತೆ ಡಬ್ಬಿಯಲ್ಲಿಟ್ಟ ಬಾಟಲಿ. ಬೈಕಿನ ಡಿಕ್ಕಿ, ಕಾರಿನ ಡ್ಯಾಶ್‌ಬೋರ್ಡ್, ಫ್ರೀಜರ್ ಈ ಮೂರೂ ಕಡೆ ಇಡಲೇಬಾರದು. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬಾರದು. ಬೇಗ ಕೆಲಸ ಮಾಡುವ ಮತ್ತು ನಿಧಾನವಾಗಿ ಕೆಲಸ ಮಾಡುವ ಇನ್ಸುಲಿನ್ ಬೆರೆತ, ದಿನಕ್ಕೆ ಎರಡು ಸಲದ 30/70 ಮಿಶ್ರಣ ಬಳಸುವವರು ಅದನ್ನು ಅಂಗೈಗಳ ನಡುವೆ ನಿಧಾನವಾಗಿ ಉರುಳಿಸಿ, ಮೇಲೆ ಕೆಳಗೆ ಮಾಡಿ, ಒಂದೇ ಸಮ ಹಾಲಿನ ಬಣ್ಣ ಬಂದ ಮೇಲೆಯೇ ಎಳೆಯಬೇಕು.

ಇದೇ 30/70 ಮಿಶ್ರಣ ನಮ್ಮಲ್ಲಿ ಬಹಳ ಜನ ಬಳಸುವ ಇನ್ಸುಲಿನ್. ಬೆಳಿಗ್ಗೆ ಚುಚ್ಚಿದ್ದರ ನಿಧಾನದ ಭಾಗ ಸರಿಯಾಗಿ ಮಧ್ಯಾಹ್ನದ ಹೊತ್ತಿಗೆ ಜೋರಾಗುತ್ತದೆ, ಊಟಕ್ಕೆ ಕಾಯುವುದಿಲ್ಲ. ಮದುವೆಮನೆಯಲ್ಲಿ ಧಾರೆ ತಡವಾಗಿ, ಮೊದಲ ಪಂಕ್ತಿ ತಪ್ಪಿ, ಎರಡನೇ ಪಂಕ್ತಿಗೆ ಕಾಯುತ್ತ ಬೆವರಿ ಕುಸಿದವರನ್ನು ಅನೇಕರು ನೋಡಿದ್ದೇವೆ. ಅದಕ್ಕಿಂತ ಹೆಚ್ಚಾಗಿ, ಸದ್ದಿಲ್ಲದೆ ಇದು ನಡೆಯುವುದು ಮನೆಯ ಅಡುಗೆಕೋಣೆಯಲ್ಲಿ. ಎಲ್ಲರಿಗೂ ಬಡಿಸಿ, ಎಲ್ಲರ ಊಟ ಆದ ಮೇಲೆ ತಾನು ಕೂರುವ ಅಮ್ಮ, ಅತ್ತೆ, ಅಜ್ಜಿ. ಅವರ ಶುಗರ್ ಮಧ್ಯಾಹ್ನ ಇಳಿದು, ಕೈ ನಡುಗಿ, ಸಿಕ್ಕಿದ್ದನ್ನು ಗಬಗಬ ತಿಂದು, ಸಂಜೆ 300 ಆಗುತ್ತದೆ. ಆಗ ಡೋಸ್ ಏರಿಸಿದರೆ ಮರುದಿನ ಇನ್ನೂ ಜೋರಾಗಿ ಇಳಿಯುತ್ತದೆ. ಈ ಏರುಪೇರಿಗೆ ಔಷಧಿ ಮೆಡಿಕಲ್ ಸ್ಟೋರಿನಲ್ಲಿಲ್ಲ, ಅವರಿಗೆ ಮೊದಲು ಬಡಿಸುವುದರಲ್ಲಿದೆ. ಇದನ್ನು ನಾನು ಒತ್ತಿ ಹೇಳುತ್ತೇನೆ.

ರಾಗಿಮುದ್ದೆ ತಿಂದರೆ ಶುಗರ್ ಏರುವುದಿಲ್ಲ ಎಂಬ ನಂಬಿಕೆಯೂ ಲೆಕ್ಕ ತಪ್ಪಿಸುತ್ತದೆ. ರಾಗಿಯಲ್ಲಿ ಅಕ್ಕಿಗಿಂತ ನಾರು ಬಹಳ ಜಾಸ್ತಿ, ಕ್ಯಾಲ್ಸಿಯಮ್ ಇದೆ, ಎಲ್ಲ ನಿಜ. ಆದರೂ ಅದರಲ್ಲಿ ಹೆಚ್ಚಿನ ಪಾಲು ಪಿಷ್ಟವೇ. ಮುದ್ದೆಯ ಗಾತ್ರ ದಿನದಿನಕ್ಕೆ ಬದಲಾದರೆ ಶುಗರೂ ಬದಲಾಗುತ್ತದೆ.

ಬೆಳಗಿನ ಖಾಲಿ ಹೊಟ್ಟೆಯ ಅಂಕಿ ಮಾತ್ರ ಜಾಸ್ತಿ ಬರುವವರ ಸಮಸ್ಯೆ ಬೇರೆ. ನಸುಕಿನಲ್ಲಿ ದೇಹ ಏಳಲು ಸಿದ್ಧವಾಗುತ್ತ ಕಾರ್ಟಿಸಾಲ್, ಬೆಳವಣಿಗೆಯ ಹಾರ್ಮೋನು ಬಿಡುತ್ತದೆ, ಸಕ್ಕರೆ ಏರುತ್ತದೆ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿದ್ದ ಜೀವರಸಾಯನ ವಿಜ್ಞಾನಿ ಮೈಕೆಲ್ ಸೊಮೊಗಿ 1930ರ ದಶಕದಲ್ಲಿ ಇನ್ನೊಂದು ಸಾಧ್ಯತೆ ಮುಂದಿಟ್ಟರು: ರಾತ್ರಿ ಇನ್ಸುಲಿನ್ ಹೆಚ್ಚಾಗಿ ಸಕ್ಕರೆ ತೀರಾ ಇಳಿದು, ದೇಹ ಗಾಬರಿಯಿಂದ ಅದನ್ನು ಮೇಲೆತ್ತಿ, ಬೆಳಿಗ್ಗೆ ಹೆಚ್ಚು ತೋರಿಸಬಹುದು. ಇದು ಅಂದುಕೊಂಡಷ್ಟು ಸಾಮಾನ್ಯವಲ್ಲ ಎಂದು ಮುಂದಿನ ಅಧ್ಯಯನಗಳು ಹೇಳಿದವು. ಆದರೂ ಒಬ್ಬ ರೋಗಿಯಲ್ಲಿ ಯಾವುದೆಂದು ತಿಳಿಯದೆ ರಾತ್ರಿಯ ಡೋಸ್ ಮುಟ್ಟಬಾರದು. ಕೆಲವು ರಾತ್ರಿ 3 ಗಂಟೆಗೆ ಎದ್ದು ಬೆರಳು ಚುಚ್ಚಿ ನೋಡಿದರೆ ಉತ್ತರ ಸಿಗುತ್ತದೆ.

ಕೆಲವು ಕಾರಣಗಳು ಇನ್ನೂ ಆಳದಲ್ಲಿರುತ್ತವೆ. ಹಳೆಯ ಮಧುಮೇಹದಲ್ಲಿ ಜಠರದ ನರಗಳು ಸೊರಗಿದರೆ ಉಂಡ ಅನ್ನ ಗಂಟೆಗಟ್ಟಲೆ ಹೊಟ್ಟೆಯಲ್ಲೇ ಉಳಿಯುತ್ತದೆ. ಇನ್ಸುಲಿನ್ ಮೊದಲು ತಲುಪುತ್ತದೆ, ಅನ್ನದ ಸಕ್ಕರೆ ಆಮೇಲೆ. ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ವಾಂತಿ ಬಂದಂತಾಗುವುದು ಇದರ ಸುಳಿವು. ಆಸ್ತಮಾಕ್ಕೆ ಕೊಡುವ ಸ್ಟೀರಾಯ್ಡ್ ಮಾತ್ರೆ, ಮಂಡಿಗೆ ಹಾಕುವ ಸ್ಟೀರಾಯ್ಡ್ ಇಂಜೆಕ್ಷನ್ ಸಕ್ಕರೆಯನ್ನು ಏರಿಸುತ್ತವೆ. ಮಂಡಿನೋವಿಗೆಂದು ಮಾರುವ ಹೆಸರಿಲ್ಲದ ಪುಡಿ ಪೊಟ್ಟಣಗಳಲ್ಲೂ ಸ್ಟೀರಾಯ್ಡ್ ಬೆರಕೆ ಸಿಕ್ಕಿರುವುದುಂಟು. ಮೂತ್ರದ ಸೋಂಕು, ಹಲ್ಲಿನ ಕೀವು, ಥೈರಾಯ್ಡ್, ಮುಟ್ಟಿಗೆ ಮುಂಚಿನ ದಿನಗಳು ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಒಂದು ಸಂಗತಿಯನ್ನಂತೂ ಎಲ್ಲರೂ ತಿಳಿದಿರಬೇಕು. ವರ್ಷಗಳಿಂದ ಏರಿದ್ದ ಶುಗರ್ ಅದೇ ಮಾತ್ರೆಯಲ್ಲಿ ತಾನಾಗಿ ಇಳಿಯತೊಡಗಿದರೆ ‘ಕಾಯಿಲೆ ವಾಸಿಯಾಗ್ತಿದೆ’ ಎಂದು ಸಂಭ್ರಮಿಸುವವರಿದ್ದಾರೆ. ಆದರೆ ಇದು ಮೂತ್ರಪಿಂಡ ಸೋಲುತ್ತಿರುವ ಸೂಚನೆಯೂ ಇರಬಹುದು. ಇನ್ಸುಲಿನ್ ಅನ್ನು ದೇಹದಿಂದ ಹೊರಹಾಕುವುದರಲ್ಲಿ ಮೂತ್ರಪಿಂಡದ ಪಾಲು ದೊಡ್ಡದು. ಅದು ಸೋಲುತ್ತಿದ್ದರೆ ಇನ್ಸುಲಿನ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆಗಳು ಮೈಯಲ್ಲೇ ಉಳಿದು ಸಕ್ಕರೆಯನ್ನು ಕೆಳಗೆ ಎಳೆಯುತ್ತವೆ. ಕಾರಣವಿಲ್ಲದೆ ಲೋ ಶುಗರ್ ಆಗತೊಡಗಿದರೆ ಮೊದಲು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ.

ಕೊನೆಯದಾಗಿ, ಕಾಯಿಲೆಯ ಜಾತಿಯನ್ನೇ ತಪ್ಪಾಗಿ ಗುರುತಿಸಿರಬಹುದು. ನಲವತ್ತರ ಆಸುಪಾಸಿನಲ್ಲಿ ಬಂತು, ಹಾಗಾಗಿ ಟೈಪ್ 2 ಎಂದು ಮಾತ್ರೆ ಶುರುವಾಗಿರುತ್ತದೆ. ಮೈ ಸಣಕಲು, ಕೆಲವೇ ವರ್ಷಗಳಲ್ಲಿ ಮಾತ್ರೆ ನಾಟುವುದಿಲ್ಲ. ಇದು ನಿಧಾನವಾಗಿ ಬರುವ ಟೈಪ್ 1 ಇರಬಹುದು. ಗ್ಯಾಡ್ ಪ್ರತಿಕಾಯ ಮತ್ತು ಸಿ-ಪೆಪ್ಟೈಡ್ ಪರೀಕ್ಷೆಗಳು ಇದನ್ನು ಗುರುತಿಸಲು ನೆರವಾಗುತ್ತವೆ. ದಕ್ಷಿಣ ಭಾರತದಲ್ಲಿ, ಅದರಲ್ಲೂ ಕೇರಳದಲ್ಲಿ ಹೆಚ್ಚಾಗಿ ಕಂಡ ಇನ್ನೊಂದು ಬಗೆಯಲ್ಲಿ ಮೇದೋಜೀರಕದೊಳಗೆ ಸುಣ್ಣದ ಕಲ್ಲುಗಳಾಗುತ್ತವೆ. ಇಂಡೋನೇಷ್ಯಾದಲ್ಲಿ ಇಂಥ ರೋಗಿಗಳನ್ನು ಕಂಡು ಜ಼ೂಯ್ಡೆಮಾ ಎಂಬವರು 1959ರಲ್ಲಿ ಬರೆದರು. ಚಿಕ್ಕಂದಿನಿಂದ ಹೊಟ್ಟೆನೋವು, ಜಿಡ್ಡು ಜಿಡ್ಡಾದ ಮಲ, ಬಡಕಲು ಮೈ ಇದರ ಲಕ್ಷಣ. ಇಂಥವರಲ್ಲಿ ಗ್ಲುಕಗಾನ್ ಕೂಡ ಕಡಿಮೆ, ತಿಂದದ್ದೂ ಸರಿಯಾಗಿ ಜೀರ್ಣವಾಗುವುದಿಲ್ಲ. ಹಾಗಾಗಿ ಶುಗರ್ ಹತ್ತಿ ಇಳಿಯುವುದು ಸಹಜ. ಹೊಟ್ಟೆಯ ಎಕ್ಸ್‌ರೇಯಲ್ಲೇ ಕಲ್ಲು ಕಾಣಬಹುದು, ಇನ್ಸುಲಿನ್ ಜೊತೆಗೆ ಜೀರ್ಣರಸದ ಕ್ಯಾಪ್ಸೂಲ್ ಕೊಟ್ಟರೆ ಸುಧಾರಿಸುತ್ತಾರೆ.

ಏರುವುದಕ್ಕಿಂತ ಇಳಿಯುವುದು ತಕ್ಷಣದ ಅಪಾಯ. 70ರ ಕೆಳಗೆ ಬಂದರೆ ಲೋ ಶುಗರ್, 54ರ ಕೆಳಗೆ ಗಂಭೀರ. ಬೆವರು, ನಡುಕ, ಎದೆಬಡಿತ, ಆಮೇಲೆ ತೊದಲು ಮಾತು, ಸಿಟ್ಟು, ಗೊಂದಲ. ಮೂರು ಚಮಚ ಸಕ್ಕರೆ ಅಥವಾ ಗ್ಲುಕೋಸ್ ಪುಡಿ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಲಡ್ಡು, ಚಾಕೊಲೇಟ್ ಬೇಡ, ಕೊಬ್ಬಿನಿಂದ ಸಕ್ಕರೆ ಏರುವುದು ತಡವಾಗುತ್ತದೆ. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಸೇರಿದ ಮಾತ್ರೆ ತೆಗೆದುಕೊಳ್ಳುವವರಿಗೆ ಗ್ಲುಕೋಸ್ ಪುಡಿಯೇ ಬೇಕು. ಆ ಮಾತ್ರೆ ಸಕ್ಕರೆ, ಬೆಲ್ಲ ಕರಗಿ ರಕ್ತ ಸೇರುವುದನ್ನೇ ನಿಧಾನ ಮಾಡುತ್ತದೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹುಯ್ಯಬಾರದು. ಪಕ್ಕಕ್ಕೆ ಹೊರಳಿಸಿ ಮಲಗಿಸಿ, 108ಕ್ಕೆ ಫೋನ್ ಮಾಡಬೇಕು. ಪದೇ ಪದೇ ಲೋ ಆಗುವವರಿಗೆ ಕ್ರಮೇಣ ಈ ಮುನ್ಸೂಚನೆಗಳೇ ತಿಳಿಯದಂತಾಗುತ್ತವೆ. ಬಿಪಿಗೆ ಕೊಡುವ ಕೆಲವು ಮಾತ್ರೆಗಳು ನಡುಕ, ಎದೆಬಡಿತಗಳನ್ನು ಮರೆಮಾಚುತ್ತವೆ. ಇಂಥವರು ವಾಹನ ಓಡಿಸುವ ಮೊದಲು ಪರೀಕ್ಷಿಸಿಕೊಳ್ಳಲೇಬೇಕು.

ಅಂಕಿಯನ್ನು ಹೇಗಾದರೂ ಇಳಿಸಲೇಬೇಕು ಎಂಬ ಹಟವೂ ಎಲ್ಲರಿಗೂ ಒಳ್ಳೆಯದಲ್ಲ. 1993ರ ಡಿಸಿಸಿಟಿ, 1998ರ ಯುಕೆಪಿಡಿಎಸ್ ಅಧ್ಯಯನಗಳು ಹಿಡಿತದಲ್ಲಿಟ್ಟ ಶುಗರ್ ಕಣ್ಣು, ಮೂತ್ರಪಿಂಡಗಳನ್ನು ಕಾಪಾಡುತ್ತದೆ ಎಂದು ತೋರಿಸಿದವು. ಆದರೆ 2008ರ ಅಕಾರ್ಡ್ ಅಧ್ಯಯನದಲ್ಲಿ, ಹೃದ್ರೋಗದ ಅಪಾಯವಿದ್ದ ಮಧ್ಯವಯಸ್ಸು ದಾಟಿದವರಲ್ಲಿ ಎಚ್‌ಬಿಎ1ಸಿಯನ್ನು 6ರ ಕೆಳಗೆ ತರಲು ಹೊರಟಾಗ ಸಾವುಗಳು ಹೆಚ್ಚಾಗಿ, ಆ ಭಾಗವನ್ನು ಅವಧಿಗೆ ಮುಂಚೆಯೇ ನಿಲ್ಲಿಸಬೇಕಾಯಿತು. ಇಪ್ಪತ್ತೈದರ ಹುಡುಗಿಗೆ ಇಟ್ಟ ಗುರಿಯನ್ನು ಎಂಬತ್ತರ ಅಜ್ಜನಿಗೆ ಇಡಬಾರದು.

ಹಾಗಾದರೆ ತಜ್ಞರ ಬಳಿ ಯಾವಾಗ ಹೋಗಬೇಕು? ಐಸಿಎಂಆರ್-ಇಂಡಿಯಾಬ್ ಅಧ್ಯಯನ 2023ರಲ್ಲಿ ಪ್ರಕಟಿಸಿದಂತೆ ದೇಶದಲ್ಲಿ ಮಧುಮೇಹಿಗಳು 10 ಕೋಟಿಗೂ ಹೆಚ್ಚು. ಎಲ್ಲರಿಗೂ ಎಂಡೋಕ್ರೈನಾಲಜಿಸ್ಟ್ ಸಿಗುವುದು ಸಾಧ್ಯವೂ ಇಲ್ಲ, ಬೇಕಾಗಿಯೂ ಇಲ್ಲ. ಊರಿನ ಡಾಕ್ಟರೇ, ಸರ್ಕಾರಿ ಆಸ್ಪತ್ರೆಯ ಎನ್‌ಸಿಡಿ (ಅಸಾಂಕ್ರಾಮಿಕ ರೋಗಗಳ) ಕ್ಲಿನಿಕ್ಕೇ ಬಹಳ ಜನರಿಗೆ ಸಾಕು. ಆದರೆ ಟೈಪ್ 1 ಇರುವವರು, ಗರ್ಭಿಣಿಯರು, ಪದೇ ಪದೇ ಲೋ ಆಗುವವರು, ಇನ್ಸುಲಿನ್ ಇದ್ದೂ ಶುಗರ್ ಏರಿಳಿಯುತ್ತಲೇ ಇರುವವರು, ಕಾಯಿಲೆಯ ಬಗೆಯೇ ಅನುಮಾನವಿರುವವರು ಕಾಯಬಾರದು. ಎಂಬಿಬಿಎಸ್, ಎಂಡಿ ಮುಗಿಸಿ ಮತ್ತೆ ಮೂರು ವರ್ಷ ಹಾರ್ಮೋನುಗಳನ್ನೇ ಓದಿದವರು ಡಿಎಂ ಎಂಡೋಕ್ರೈನಾಲಜಿ ಪದವೀಧರರು. ಬೋರ್ಡಿನ ಮೇಲೆ ‘ಶುಗರ್ ಸ್ಪೆಷಲಿಸ್ಟ್’ ಎಂದಿದ್ದರೆ ಕೆಳಗೆ ಯಾವ ಪದವಿ ಬರೆದಿದೆ ನೋಡಿ. ಬೆಂಗಳೂರಿನ ಜಯನಗರದಲ್ಲಿ ಸರ್ಕಾರದ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್ ಇದೆ. ಸೇಂಟ್ ಜಾನ್ಸ್‌ನಂಥ ವೈದ್ಯಕೀಯ ಕಾಲೇಜುಗಳಲ್ಲೂ ಈ ವಿಭಾಗವಿದೆ. ತಜ್ಞರು ಹೆಚ್ಚಾಗಿ ದೊಡ್ಡ ನಗರಗಳಲ್ಲೇ ಇರುವುದು ನಮ್ಮ ವ್ಯವಸ್ಥೆಯ ದೊಡ್ಡ ಕೊರತೆ. ದೂರದ ತಾಲ್ಲೂಕುಗಳ ಟೈಪ್ 1 ಮಕ್ಕಳು ತಜ್ಞರ ಮುಖ ನೋಡಲು ರಾತ್ರಿ ಬಸ್ಸು ಹತ್ತಬೇಕಾದ ಸ್ಥಿತಿ ಬದಲಾಗಲೇಬೇಕು.

ಅಷ್ಟು ದೂರ ಹೋಗುವವರು ಬರಿಗೈಯಲ್ಲಿ ಹೋದರೆ ಭೇಟಿ ವ್ಯರ್ಥ. ಒಂದೆರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ: ಊಟಕ್ಕೆ ಮೊದಲು, ಊಟವಾಗಿ ಎರಡು ಗಂಟೆಗೆ, ಮಲಗುವಾಗ ಬಂದ ಅಂಕಿ. ಪಕ್ಕದಲ್ಲಿ ಏನು, ಎಷ್ಟು, ಎಷ್ಟು ಗಂಟೆಗೆ ತಿಂದದ್ದು, ಎಷ್ಟು ಯೂನಿಟ್ ಚುಚ್ಚಿದ್ದು. ಸುಳ್ಳು ಬರೆಯಬೇಡಿ, ತಿಂದದ್ದನ್ನು ತಿಂದೆ ಎಂದೇ ಬರೆಯಿರಿ. ಕೈಯಲ್ಲಿ ಕೆಲವು ಸಾವಿರ ರೂಪಾಯಿ ಇದ್ದರೆ ತೋಳಿಗೆ ಅಂಟಿಸುವ ಸೆನ್ಸರ್ ಎರಡು ವಾರ ಹಗಲೂ ರಾತ್ರಿ ಇದನ್ನೇ ಮಾಡುತ್ತದೆ. ಅದರಲ್ಲಿ ದಿನದ ಶೇ 70ಕ್ಕಿಂತ ಹೆಚ್ಚು ಹೊತ್ತು 70ರಿಂದ 180ರ ಒಳಗಿದ್ದು, 70ರ ಕೆಳಗೆ ಶೇ 4ಕ್ಕಿಂತ ಕಡಿಮೆ ಹೊತ್ತು ಕಳೆದಿದ್ದರೆ ಬಹುತೇಕರಿಗೆ ಅದು ಒಳ್ಳೆಯ ಹಿಡಿತ. ನೋಟ್‌ಬುಕ್ಕಿನ ಜೊತೆಗೆ ಬಳಸುವ ಇನ್ಸುಲಿನ್, ಸಿರಿಂಜು ಅಥವಾ ಪೆನ್ನು, ಮೀಟರು, ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಪಟ್ಟಿಗಳು, ನಾಟಿ ಔಷಧಿಯೂ ಸೇರಿ, ಚೀಲದಲ್ಲಿರಲಿ. ಚುಚ್ಚುವ ಜಾಗವನ್ನು ಸಂಕೋಚಪಡದೆ ತೋರಿಸಿ.

ನಿಮ್ಮ ಶುಗರ್ ತಿಂಗಳುಗಳಿಂದ ಏರಿಳಿಯುತ್ತಿದ್ದರೆ ಮುಂದಿನ ಸಲ ಡೋಸ್ ಏರಿಸುವ ಮುನ್ನ ‘ಇದಕ್ಕೆ ಕಾರಣ ಏನಿರಬಹುದು, ಡಾಕ್ಟರೇ?’ ಎಂದು ಕೇಳಿ. ಉತ್ತರ ಸಿಗದಿದ್ದರೆ ತಜ್ಞರಿಗೆ ಪತ್ರ ಬರೆದುಕೊಡಿ ಎಂದು ಕೇಳಲು ಹಿಂಜರಿಯಬೇಡಿ, ಒಳ್ಳೆಯ ವೈದ್ಯರು ಅದಕ್ಕೆ ಬೇಸರಪಡುವುದಿಲ್ಲ. ಅಪಾಯಿಂಟ್‌ಮೆಂಟ್ ಸಿಗುವವರೆಗೆ ಜ್ವರ ಬಂದರೂ, ಊಟ ಸೇರದಿದ್ದರೂ ಇನ್ಸುಲಿನ್ ಅನ್ನು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ, ನಿಮ್ಮ ಡಾಕ್ಟರಿಗೆ ಫೋನ್ ಮಾಡಿ ಡೋಸ್ ಕೇಳಿಕೊಳ್ಳಿ. ವಾಂತಿ ನಿಲ್ಲದಿದ್ದರೆ, ಉಸಿರು ಜೋರಾಗಿ ಎಳೆಯುತ್ತಿದ್ದರೆ ತಜ್ಞರಿಗೆ ಕಾಯದೆ ಅವತ್ತೇ ಹತ್ತಿರದ ಆಸ್ಪತ್ರೆಗೆ ಹೋಗಿ.